ಕರಿಯನ ಸೊಂಟದ ಖಾತೆ ಬದಲಾವಣೆ

ಇಂದ,
ಓಂಕಾರಮೂರ್ತಿ ಬಿನ್ ಲೇಟ್ ದೇವೀರಪ್ಪ,
ವಯಸ್ಸು ಐವತ್ತಾರು, ಪ್ರಥಮ ದರ್ಜೆ ಸಹಾಯಕ
(ಕಚೇರಿಯ ಹೆಸರು ಬರೆದಿಲ್ಲ. ಈ ವಿಷಯದಲ್ಲಿ ಕಚೇರಿಯದೇನೂ ತಪ್ಪಿಲ್ಲ),
ಅಜ್ಜಂಪುರ.

ಗೆ,
ಕುಮಾರಿ ಪ್ರಿಯಾಂಕಾ, ಕನಕರಾಜು ಅವರ ಮಗಳು,
ದ್ವಿತೀಯ ಪಿ.ಯು.ಸಿ.,
ಲಕ್ಕವಳ್ಳಿ, ತರೀಕೆರೆ ತಾಲ್ಲೂಕು.

ದಿನಾಂಕ: 14-11-2025, ಶುಕ್ರವಾರ.

ವಿಷಯ: ಕರಿಯ ಎಂಬ ನಾಯಿಯ ಹಿಂಗಾಲು ಬಿದ್ದುಹೋದ ತಪ್ಪು ತಮ್ಮ ಹೆಸರಿನಲ್ಲಿ ದಾಖಲಾಗಿದ್ದು, ಸದರಿ ತಪ್ಪನ್ನು ತಮ್ಮ ಹೆಸರಿನಿಂದ ವಜಾ ಮಾಡಿ ಅರ್ಜಿದಾರನ ಹೆಸರಿಗೆ ಖಾತೆ ಬದಲಾವಣೆ ಮಾಡಿಕೊಡುವ ಬಗ್ಗೆ.

ಉಲ್ಲೇಖ: 1. ತಮ್ಮ ಪತ್ರ, ದಿನಾಂಕ 9-11-2025.
2. ಕಳೆದ ಫೆಬ್ರವರಿಯಲ್ಲಿ ತಮ್ಮ ಮನೆಯ ಜಗಲಿಯ ಮೇಲೆ ಕೂತು ನಾನು ಬಾಯಲ್ಲಿ ಕೊಟ್ಟ ತೀರ್ಪು.
3. ಕರಿಯನ ಅಪ್ಪ ಅಮಲ್ದಾರನ ಎಕ್ಸ್‌ರೇ, ದಿನಾಂಕ 7-7-2025.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದನ್ನು ಫೋನಿನಲ್ಲೇ ಹೇಳಬಹುದಾಗಿತ್ತು. ಎರಡು ನಿಮಿಷದ ಮಾತು. ಆದರೆ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದ ಈ ಅರ್ಜಿದಾರನಿಗೆ ಸುಳ್ಳು ಹೇಳಲು ಬಾಯಿ ಸಾಕು, ನಿಜ ಹೇಳಲು ಕಾಗದವೇ ಬೇಕು. ನನ್ನ ಹೆಂಡತಿ ವಿಮಲಮ್ಮ ಇಣುಕಿ ನೋಡಿ, “ಅಲ್ರೀ, ಹದಿನೇಳು ವರ್ಷದ ಹುಡುಗಿಗೆ ಮಾನ್ಯರೇ ಅಂತ ಬರೀತಾರೇನ್ರೀ? ಆ ಮಗು ಹೆದರ್ಕೊಳ್ಳಲ್ವಾ?” ಎಂದಳು. ಹೆದರಿಕೊಂಡಿರುವುದು ಆ ಕಡೆಯವರಲ್ಲ ಎಂದು ಅವಳಿಗೆ ತಿಳಿಸಿ ಮುಂದುವರಿದಿದ್ದೇನೆ.

ಉಲ್ಲೇಖ 1ರ ತಮ್ಮ ಪತ್ರದಲ್ಲಿ ತಾವು ಮೂರು ಮಾತು ಬರೆದಿದ್ದೀರಿ. ಒಂದು, “ಸಾರ್, ನೀವು ಕೊಟ್ಟ ಒಳ್ಳೆ ಜಾತಿ ಮರಿನ ನಾನು ಹಾಳು ಮಾಡ್ಬಿಟ್ಟೆ.” ಎರಡು, “ನಂಗೆ ನಾಯಿ ಸಾಕೋ ಯೋಗ್ಯತೆ ಇಲ್ಲ.” ಮೂರು, “ಭಾನುವಾರ ಅಪ್ಪ ಗೂಡ್ಸ್ ಆಟೋ ಮಾಡ್ಕೊಂಡು ಕರಿಯನ್ನ ನಿಮ್ಮನೆಗೆ ವಾಪಸ್ ತಂದು ಬಿಡ್ತಾರೆ, ಕ್ಷಮಿಸಿ.” ಇವುಗಳಲ್ಲಿ ಮೊದಲನೆಯದು ಸುಳ್ಳು. ಎರಡನೆಯದೂ ಸುಳ್ಳು. ಎರಡನ್ನೂ ತಮ್ಮ ತಲೆಗೆ ತುಂಬಿದವನು ನಾನು. ಮೂರನೆಯದು ಇನ್ನೂ ಆಗಿಲ್ಲ, ಆಗುವುದರೊಳಗೆ ಈ ಅರ್ಜಿ ತಮ್ಮ ಕೈ ಸೇರಬೇಕು. ಅಂಚೆಗೆ ಹಾಕಿದರೆ ಸೋಮವಾರ ಬರುತ್ತದೆ. ಕಾರಣ, ನಾಳೆ ಶನಿವಾರ ಅರ್ಧ ದಿನ ಸಾಂದರ್ಭಿಕ ರಜೆ ಹಾಕಿ, ತರೀಕೆರೆಯಲ್ಲಿ ಬಸ್ಸು ಬದಲಾಯಿಸಿ, ಖುದ್ದು ನಾನೇ ತಂದು ಕೊಟ್ಟಿರುತ್ತೇನೆ. ತಾವು ಒಳಗೆ ಓದಿ ಮುಗಿಸುವವರೆಗೆ ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ. ದಯಮಾಡಿ ಕಾಫಿ ಕಳಿಸಬೇಡಿ. ಓದಿದ ಮೇಲೂ ಕಳಿಸುವ ಮನಸ್ಸಾದರೆ ಅದು ಬೇರೆ ಮಾತು.

ಪ್ರಕರಣದ ವಿವರ ಈ ಕೆಳಕಂಡಂತಿದೆ.

1. ಐದು ವರ್ಷದ ಹಿಂದೆ ನಾನು ದಾವಣಗೆರೆ ಕಡೆಯಿಂದ ಗ್ರೇಟ್ ಡೇನ್ ಜಾತಿಯ ಒಂದು ಗಂಡು ಮರಿ ತಂದೆ. ಯಾಕೆ ತಂದೆ ಎಂದರೆ, ಕಚೇರಿಯಲ್ಲಿ ಅಷ್ಟು ವರ್ಷ ಬಂದವರಿಗೆಲ್ಲ “ಸಾರ್, ಸಾರ್” ಎಂದು ಸಾಕಾಗಿತ್ತು. ಒಬ್ಬನಾದರೂ ನನ್ನ ಮಾತು ಕೇಳಲಿ ಎನ್ನುವ ಆಸೆ. ಆದ್ದರಿಂದಲೇ ಅದಕ್ಕೆ ಅಮಲ್ದಾರ ಎಂದು ಹೆಸರಿಟ್ಟೆ. ಹಿಂದಿನ ಕಾಲದಲ್ಲಿ ತಹಶೀಲ್ದಾರರನ್ನು ಹಾಗೆ ಕರೆಯುತ್ತಿದ್ದರು. (ಈಗಿನ ಯಾವ ಅಧಿಕಾರಿಗಳಿಗೂ ಇದು ಸಂಬಂಧಪಟ್ಟಿರುವುದಿಲ್ಲ.) ಸಂಜೆ ಮನೆಗೆ ಬಂದು “ಅಮಲ್ದಾರಾ, ಕೂತ್ಕೋ!” ಎನ್ನುತ್ತಿದ್ದೆ. ಕೂರುತ್ತಿದ್ದ. ಆಗ ನನಗಾಗುತ್ತಿದ್ದ ಸುಖವನ್ನು ಯಾವ ಬಡ್ತಿಯೂ ಕೊಟ್ಟಿಲ್ಲ. ವರ್ಷ ತುಂಬುವುದರೊಳಗೆ ನನ್ನ ಸೊಂಟದೆತ್ತರ ಬೆಳೆದ. ಬೀದಿಯಲ್ಲಿ ಹೋಗುವವರು “ಏನ್ ಸ್ವಾಮಿ, ಕರು ಸಾಕಿದ್ದೀರಾ?” ಎಂದು ಕೇಳುತ್ತಿದ್ದರು. ಅವರು ಕೇಳಲೆಂದೇ ನಾನು ಅವನನ್ನು ಬಸ್‌ಸ್ಟ್ಯಾಂಡಿನ ಮುಂದೆ ಎರಡು ಸಲ ಸುತ್ತಿಸುತ್ತಿದ್ದೆ.

2. ಸದರಿ ಅಮಲ್ದಾರ ಓಡುವಾಗ ಎರಡು ಹಿಂಗಾಲನ್ನೂ ಜೊತೆಗೇ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತಿದ್ದ. ಕೂತರೆ ಒಂದು ಪಕ್ಕಕ್ಕೆ ವಾಲಿ ಕಾಲು ಚಾಚಿಕೊಳ್ಳುತ್ತಿದ್ದ. ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ, ಸ್ವಲ್ಪ ಯೋಚನೆ ಮಾಡಿ ಏಳುತ್ತಿದ್ದ. ಇದನ್ನೆಲ್ಲ ನಾನು ಗತ್ತು ಎಂದು ತಿಳಿದೆ. ನೋಡಿದವರಿಗೂ “ದೊಡ್ಡೋರು ಹಿಂಗೇ ಕೂರೋದು” ಎಂದು ಹೇಳಿದೆ. ನಮ್ಮ ಪಶುವೈದ್ಯರು ಡಾಕ್ಟರ್ ವಿಶ್ವನಾಥ್ ಒಂದು ದಿನ ಚುಚ್ಚುಮದ್ದು ಹಾಕುತ್ತ, “ಓಂಕಾರಮೂರ್ತಿಗಳೇ, ಇವನಿಂದ ಮರಿ ಮಾಡಿಸೋ ಯೋಚನೆ ಇದ್ರೆ ಮೊದಲು ಶಿವಮೊಗ್ಗಕ್ಕೆ ಕರ್ಕೊಂಡೋಗಿ ಸೊಂಟದ ಎಕ್ಸ್‌ರೇ ತೆಗೆಸ್ಬಿಡಿ. ಈ ದೊಡ್ಡ ಜಾತಿಗಳಲ್ಲಿ ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರುತ್ತೆ. ಹಾರ್ಟೂ ಒಂದ್ಸಲ ನೋಡಿಸಿ” ಎಂದರು. ಅದಕ್ಕೆ ನಾನು, “ನಂದೇ ಎಕ್ಸ್‌ರೇ ತೆಗೆಸಿಲ್ಲ ಡಾಕ್ಟ್ರೇ, ಇನ್ನು ನಾಯಿದು ತೆಗೆಸ್ತೀನಾ?” ಎಂದು ನಕ್ಕೆ. ಆವತ್ತು ಆ ಕೋಣೆಯಲ್ಲಿ ನಕ್ಕಿದ್ದು ನಾನೊಬ್ಬನೇ.

3. ತರೀಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಉಗ್ರಪ್ಪನವರ ಮನೆಯಲ್ಲಿ ಇದೇ ಜಾತಿಯ ಹೆಣ್ಣು ನಾಯಿ ಇದೆ. ಎರಡು ವರ್ಷದ ಹಿಂದೆ ಅಲ್ಲಿಗೆ ಸಂಬಂಧ ಕುದುರಿತು. ನಾನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ಹೆಣ್ಣಿನ ಬಣ್ಣ ನೋಡಿದೆ, ಎತ್ತರ ಅಳೆದೆ, ಕಿವಿ ನೋಡಿದೆ, ಹಲ್ಲು ಎಣಿಸಿದೆ, ಮನೆಯವರು ಎಂಥವರು ಎಂದು ಅಕ್ಕಪಕ್ಕದ ಅಂಗಡಿಗಳಲ್ಲಿ ವಿಚಾರಿಸಿದೆ. ಕುಲದ ಬೆಡಗು ಒಂದು ಕೇಳಲಿಲ್ಲ, ಅಷ್ಟೇ. ಎರಡೂ ನಾಯಿಗಳ ಸೊಂಟ ನೋಡಬೇಕು ಎಂದು ಮಾತ್ರ ಆ ಇಡೀ ವಿಚಾರಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು. ನನಗೆ ಹೇಳಿದವರಿದ್ದರು. ಕಳೆದ ವರ್ಷ ಏಪ್ರಿಲ್‌ನಲ್ಲಿ ಆರು ಮರಿ ಹುಟ್ಟಿದವು. ಗಂಡಿನ ಕಡೆಯವರಿಗೆ ಮೊದಲ ಮರಿ ಆರಿಸಿಕೊಳ್ಳುವ ಪದ್ಧತಿ. ಅದರಂತೆ ಎಲ್ಲಕ್ಕಿಂತ ದಪ್ಪಗಿದ್ದ ಮರಿಯನ್ನು ನಾನೇ ಎತ್ತಿಕೊಂಡೆ.

4. ಆ ಮರಿ ತಮಗೆ ಯಾಕೆ ಬಂತು ಎನ್ನುವುದು ತಮಗೇ ಗೊತ್ತಿದೆ. ಆದರೂ ದಾಖಲೆಗಾಗಿ ಬರೆದಿದೆ. ನಾನು ನಿಯೋಜನೆಯ ಮೇಲೆ ತರೀಕೆರೆ ಕಚೇರಿಯಲ್ಲಿದ್ದಾಗ ತಮ್ಮ ಅಜ್ಜಿ ದ್ಯಾಮಮ್ಮನವರ ವೃದ್ಧಾಪ್ಯ ವೇತನಕ್ಕೆ ತಾವು ಅರ್ಜಿ ತಂದಿರಿ. ಉಲ್ಲೇಖ ಹಾಕಿಲ್ಲ ಎಂದು ಒಂದು ಸಲ ವಾಪಸ್ ಕಳಿಸಿದೆ. ವಿಷಯ ಉದ್ದವಾಯಿತು ಎಂದು ಇನ್ನೊಂದು ಸಲ ಕಳಿಸಿದೆ. ಮೂರನೇ ಸಲ ತಾವು ಅರ್ಜಿಯನ್ನು ಮೇಜಿನ ಮೇಲಿಟ್ಟು, “ಸಾರ್, ಈ ಸಲ ನಿಧಾನಕ್ಕೆ ತಪ್ಪು ಹುಡುಕಿ. ನಾನು ಕಾಯ್ತೀನಿ, ಕಡೇ ಬಸ್ ಆರೂವರೆಗಿದೆ” ಎಂದು ಬೆಂಚಿನ ಮೇಲೆ ಕೂತಿರಿ. ಮುಕ್ಕಾಲು ಗಂಟೆ ಹುಡುಕಿದೆ. ಒಂದೂ ಸಿಗಲಿಲ್ಲ. ನನ್ನ ಸೇವೆಯಲ್ಲಿ ತಪ್ಪಿಲ್ಲದ ಅರ್ಜಿ ಅದೊಂದೇ. ಎಂಥಾ ಹುಡುಗಿ ಕಣಪ್ಪಾ ಇದು ಅನ್ನಿಸಿ, ನನ್ನ ಹತ್ತಿರ ಇದ್ದುದರಲ್ಲಿ ಅತ್ಯುತ್ತಮವಾದದ್ದನ್ನು ಕೊಡಬೇಕೆಂದು ಆ ಮರಿಯನ್ನೇ ಲಕ್ಕವಳ್ಳಿಗೆ ತಂದುಕೊಟ್ಟೆ. ದ್ಯಾಮಮ್ಮನವರು ಅದರ ಗೋಧಿ ಬಣ್ಣವನ್ನು ಚೆನ್ನಾಗಿ ನೋಡಿ ಕರಿಯ ಎಂದು ಹೆಸರಿಟ್ಟರು. ನಾನು ತಕರಾರು ಎತ್ತಿದ್ದಕ್ಕೆ, “ನಮ್ಮನೇಲಿ ನಾಯಿ ಅಂದ್ರೆ ಕರಿಯನೇ ಸ್ವಾಮಿ, ಬಣ್ಣಕ್ಕೂ ಅದಕ್ಕೂ ಏನ್ ಸಂಬಂಧ?” ಎಂದರು.

5. ಈಗ ಉಲ್ಲೇಖ 2ಕ್ಕೆ ಬರುತ್ತೇನೆ. ಈ ಅಂಶವನ್ನು ನಾಲ್ಕು ಸಲ ಬರೆದು ಹರಿದು ಹಾಕಿದ್ದೇನೆ.

ಫೆಬ್ರವರಿಯಲ್ಲಿ ತಾವು ಫೋನ್ ಮಾಡಿ ಕರಿಯ ಎದ್ದೇಳುತ್ತಿಲ್ಲ ಎಂದಿರಿ. ಬಂದೆ. ಹತ್ತು ತಿಂಗಳ ನಾಯಿ. ತಾವು ಅದರ ಹೊಟ್ಟೆಯ ಕೆಳಗೆ ಟವಲು ಹಾಕಿ ಎರಡೂ ತುದಿ ಹಿಡಿದು, ಹಿಂಭಾಗ ಎತ್ತಿಕೊಂಡು ಅಂಗಳಕ್ಕೆ ನಡೆಸಿಕೊಂಡು ಬಂದಿರಿ. ಬಿಟ್ಟ ತಕ್ಷಣ ಅದು ಒಂದು ಪಕ್ಕಕ್ಕೆ ವಾಲಿ, ಕಾಲು ಚಾಚಿ ಕೂತಿತು. ಥೇಟ್ ಅಮಲ್ದಾರ. ಮಾನ್ಯರೇ, ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಡಾಕ್ಟರ್ ವಿಶ್ವನಾಥ್ ಹೇಳಿದ ಮಾತು ಒಂದಕ್ಷರ ಬಿಡದೆ ನೆನಪಾಯಿತು.

ಆಮೇಲೆ ನಾನು ಬಾಯಿ ತೆರೆದು ಕೇಳಿದ್ದು, “ಏನಮ್ಮ, ಇದಕ್ಕೆ ಏನ್ ಹಾಕ್ತಿದ್ದೆ?”

“ಮುದ್ದೆ, ಹಾಲು, ಮೊಟ್ಟೆ ಸಾರ್.”

“ಓಡಾಟ?”

“ದಿನಾ ಬೆಳಿಗ್ಗೆ ಡ್ಯಾಮಿನ ನೀರು ಹೋಗೋ ಚಾನಲ್ ಏರಿ ಮೇಲೆ ಓಡಿಸ್ತಿದ್ದೆ ಸಾರ್. ಅವನಿಗೆ ಬಲು ಇಷ್ಟ.”

“ಅದೇ ನೋಡು! ಅಲ್ಲೇ ಕೆಟ್ಟಿದ್ದು” ಎಂದೆ. “ದೊಡ್ಡ ಜಾತಿ ನಾಯಿನ ಹಂಗೆಲ್ಲ ಓಡಿಸ್ತಾರೇನಮ್ಮ? ಕೀಲು ಸವೆದುಹೋಗಿದೆ. ಅದರ ಮೇಲೆ ಮುದ್ದೆ ಬೇರೆ. ಇದರಪ್ಪನ್ನ ನೋಡು, ಹೆಂಗಿದಾನೆ, ಕಲ್ಲುಗುಂಡು ಇದ್ದಂಗೆ!”

ಒಳಗಿನಿಂದ ದ್ಯಾಮಮ್ಮನವರು ಬಂದು ತಮ್ಮ ಮೇಲೆ ಹರಿಹಾಯ್ದರು. “ಬಡ್ಕೊಂಡೆ ಕಣೇ ನಾನು, ಓಡಿಸ್ಬ್ಯಾಡ ಓಡಿಸ್ಬ್ಯಾಡ ಅಂತ! ಮೂಕ್ ಪ್ರಾಣಿನ ಕುಂಟ್ ಮಾಡಿ ಕೂರಿಸ್ಬಿಟ್ಟೆಲ್ಲೇ!” ತಾವು ಕರಿಯನನ್ನು ಮತ್ತೆ ಎತ್ತಿ ನಿಲ್ಲಿಸತೊಡಗಿದಿರಿ. ಕಣ್ಣೀರು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಎರಡು ಕೈಯಲ್ಲೂ ಟವಲಿತ್ತು. ನಾನು ಕಾಫಿ ಕುಡಿದೆ. ಚೆನ್ನಾಗಿದೆ ಎಂದು ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡೆ. ಥೂ, ಬರೆಯುವಾಗಲೇ ನಾಚಿಕೆಯಾಗುತ್ತದೆ.

6. ಯಾಕೆ ಹಾಗೆ ಹೇಳಿದೆ ಎಂದರೆ, ಅದೇ ಹೊತ್ತಿನಲ್ಲಿ ಅಮಲ್ದಾರನಿಗೆ ಕಡೂರಿನಿಂದ ದೊಡ್ಡ ಸಂಬಂಧ ಬರುವುದರಲ್ಲಿತ್ತು. ಕಡೂರಿನ ತೆಂಗಿನಕಾಯಿ ವ್ಯಾಪಾರಿ ರುದ್ರಮೂರ್ತಿಯವರ ಮನೆಯ ಜೂಲಿ. ಅಮಲ್ದಾರನ ಮರಿ ಕುಂಟುತ್ತದೆ ಎಂಬ ಸುದ್ದಿ ಹಬ್ಬಿದರೆ ಸಂಬಂಧ ಮುರಿದುಬೀಳುತ್ತದೆ ಎಂದು ಹೆದರಿದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇರಬಹುದೇ ಎಂದು ಬಹಳ ಹುಡುಕಿದೆ, ಇಲ್ಲ.

ಜೂನ್ ತಿಂಗಳಲ್ಲಿ ರೈಲು ಹತ್ತಿ ಕಡೂರಿಗೆ ಹೋಗಿ ಹೆಣ್ಣು ನೋಡಿದೆವು. ಉಪ್ಪಿಟ್ಟು, ಕೇಸರಿಬಾತು ಆಯಿತು. ರುದ್ರಮೂರ್ತಿಯವರ ಮನೆಯಲ್ಲಿ ಕಾಯಿಗೇನು ಬರ, ಆ ಉತ್ಸಾಹದಲ್ಲಿ ಎಲೆ ಅಡಿಕೆ ಕಾಯಿ ಇಟ್ಟು ಒಪ್ಪಿಗೆ ತಾಂಬೂಲವನ್ನೇ ಬದಲಾಯಿಸಿಕೊಂಡುಬಿಟ್ಟೆವು. ಶ್ರಾವಣದ ಹೊತ್ತಿಗೆ ಜೂಲಿ ಬೆದೆಗೆ ಬರುತ್ತಾಳೆ, ಆಗ ಆಗಲಿ ಎಂದಾಯಿತು. ಅಷ್ಟರಲ್ಲಿ ಅವರ ಮಗಳು ಅಶ್ವಿನಿ ಒಳಗಿನಿಂದ ಬಂದಳು. ಪಶುವೈದ್ಯ ಓದುತ್ತಿರುವ ಹುಡುಗಿ, ಕೈಯಲ್ಲೊಂದು ಫೈಲು. “ಅಂಕಲ್, ಜೂಲಿದು ಸೊಂಟದ ಎಕ್ಸ್‌ರೇ ಆಗಿದೆ, ಹಾರ್ಟ್ ಸ್ಕ್ಯಾನೂ ಆಗಿದೆ, ಎರಡೂ ಚೆನ್ನಾಗಿದೆ. ಅಮಲ್ದಾರ್‌ದು ಕೊಡಿ.”

ನನಗೆ ರೇಗಿತು. “ಏನಮ್ಮ ಇದು, ತಾಂಬೂಲ ಆದಮೇಲೆ ಪರೀಕ್ಷೆನಾ? ನಮ್ಮ ಕಡೆ ಹಂಗೆಲ್ಲ ಕೇಳಲ್ಲ. ಮನೆತನದ ಮೇಲೆ ಅನುಮಾನ ಪಟ್ಟಂಗಾಗುತ್ತೆ” ಎಂದೆ. ಅದಕ್ಕೆ ಆ ಹುಡುಗಿ, “ತಾಂಬೂಲ ಬದಲಾಯಿಸ್ಕೊಂಡಿದ್ದು ನೀವೂ ಅಪ್ಪನೂ ಅಂಕಲ್. ಮರಿ ಹಾಕೋದು ಜೂಲಿ” ಎಂದಳು. ರುದ್ರಮೂರ್ತಿಯವರು ಛಾವಣಿ ನೋಡತೊಡಗಿದರು. ನನಗೂ ಬೇರೆಲ್ಲಿ ನೋಡುವುದೋ ತಿಳಿಯದೆ ಒಪ್ಪಿಕೊಂಡೆ.

ಜುಲೈ ಏಳರಂದು ಶಿವಮೊಗ್ಗದಲ್ಲಿ ಅಮಲ್ದಾರನಿಗೆ ಮಂಪರು ಬರಿಸಿ, ಅಂಗಾತ ಮಲಗಿಸಿ ಎಕ್ಸ್‌ರೇ ತೆಗೆದರು. ಅಲ್ಲಿಯ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. “ತೊಡೆ ಮೂಳೆ ತಲೆ ಒರಳಲ್ಲಿ ಗುಂಡು ಕೂತಂಗೆ ಕೂರಬೇಕು. ಇಲ್ನೋಡಿ, ಒರಳೇ ಇಲ್ಲ. ತಟ್ಟೆ ಮೇಲೆ ಗುಂಡು ಇಟ್ಟಂಗಿದೆ. ಇವನನ್ನ ಮರಿ ಮಾಡಕ್ಕೆ ಬಿಡಲೇಬೇಡಿ. ಈ ಮೊದಲು ಬಿಟ್ಟಿದ್ದೀರಾ?” ನಾನು, “ಇಲ್ಲ ಸಾರ್” ಎಂದೆ. ಮಾನ್ಯರೇ, ತಾವು ಗಮನಿಸಿರಬಹುದು, ಇದು ಈ ಕಡತದಲ್ಲಿ ನನ್ನ ಎರಡನೆಯ ಸುಳ್ಳು. ಎರಡು ನಿಮಿಷದ ಮೇಲೆ ತಡೆಯಲಾರದೆ ಕೇಳಿದೆ, “ಅಲ್ಲ ಸಾರ್, ಒಂದು ಮರಿನ ದಿನಾ ಓಡಿಸಿದ್ರೆ, ಮುದ್ದೆ ಹಾಕಿದ್ರೆ, ಹಿಂಗಾಗುತ್ತಾ?” ಡಾಕ್ಟರು ನನ್ನನ್ನು ಒಂದು ಥರ ನೋಡಿ ಹೇಳಿದರು. “ತೂಕ, ಓಟ ಇವೆಲ್ಲ ಇರೋ ತೊಂದರೆನ ಬೇಗ ಹೊರಗೆ ತರಬಹುದು, ನೋವು ಜಾಸ್ತಿ ಮಾಡಬಹುದು. ಆದ್ರೆ ಸರಿಯಾಗಿರೋ ಸೊಂಟನ ಚಾನಲ್ ಏರಿ ಮೇಲೆ ಓಡಿಸಿ ಯಾರೂ ತಟ್ಟೆ ಮಾಡಕ್ಕಾಗಲ್ಲ ಕಣ್ರೀ.” ಚಾನಲ್ ಏರಿಯ ವಿಷಯ ನನ್ನ ಬಾಯಿಂದ ಯಾವಾಗ ಬಿತ್ತೋ ನನಗೇ ಗೊತ್ತಿಲ್ಲ. ಸದರಿ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಅಲ್ಲೇ ಕೂತು ಅರ್ಜಿ ಬರೆದುಕೊಟ್ಟೆ. ಅವರು ನಕ್ಕು, ಮೊಹರು ಹಾಕಿ ಕೊಟ್ಟಿದ್ದಾರೆ. ಆದ್ದರಿಂದ ಇದು ನನ್ನ ಬಾಯಿಮಾತಲ್ಲ. ನನ್ನ ಬಾಯಿಮಾತನ್ನು ತಾವು ಇನ್ನು ಮುಂದೆ ನಂಬತಕ್ಕದ್ದೂ ಅಲ್ಲ.

ತಾಯಿಯ ಕಡೆಯಿಂದಲೂ ಅರ್ಧ ಬಂದಿರಬಹುದು ಎಂದು ಡಾಕ್ಟರು ಹೇಳಿದರು. ಆ ಅರ್ಧಕ್ಕೆ ಉಗ್ರಪ್ಪನವರು ಬೇರೆ ಅರ್ಜಿ ಹಾಕಿಕೊಳ್ಳಬೇಕು. ನಾನು ನನ್ನರ್ಧಕ್ಕೆ ಮಾತ್ರ ಹಾಕುತ್ತಿದ್ದೇನೆ.

7. ಈ ಅಂಶ ಎಲ್ಲಕ್ಕಿಂತ ಮೊದಲು ಬರಬೇಕಾಗಿತ್ತು. ಧೈರ್ಯ ಸಾಲದ ಕಾರಣ ಇಲ್ಲಿಗೆ ಬಂದಿದೆ.

ಆ ಎಕ್ಸ್‌ರೇಯನ್ನು ಮನೆಗೆ ತಂದು ಬೀರುವಿನಲ್ಲಿ ವಿಮಲಮ್ಮನ ರೇಷ್ಮೆ ಸೀರೆಯ ಅಡಿಗೆ ಬಚ್ಚಿಟ್ಟೆ. ರುದ್ರಮೂರ್ತಿಯವರಿಗೆ ಫೋನ್ ಮಾಡಿ, ಆಷಾಢ ಬಂತಲ್ಲ, ಶುಭಕಾರ್ಯ ಮುಂದೆ ಹಾಕೋಣ ಎಂದೆ. ಅವರು “ನಾಯಿಗೆ ಎಂಥ ಆಷಾಢನ್ರೀ?” ಎಂದರು. ಒಂದು ಮದುವೆಗೆ ಹೊರಟಾಗ ಸೀರೆ ತೆಗೆದ ವಿಮಲಮ್ಮನ ಕೈಗೆ ಅದು ಸಿಕ್ಕಿತು. ಕಿಟಕಿಗೆ ಹಿಡಿದು ನೋಡಿ, “ಇದ್ಯಾರದ್ರೀ, ನಿಮ್ಮದಾ?” ಎಂದಳು.

ಅವಳು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ತಾವು ಕಂಡಿರುವಂತೆ ನಾನು ನಡೆಯುವಾಗ ಎಡಕ್ಕೆ ವಾಲುತ್ತೇನೆ. ನಮ್ಮ ತಂದೆ ದೇವೀರಪ್ಪನವರೂ ವಾಲುತ್ತಿದ್ದರು. ಒಂದು ಎಕರೆ ಜಮೀನು ತಂದೆಯಿಂದ ಮಗನಿಗೆ ಬರಬೇಕಾದರೆ ನಾವು ಕಚೇರಿಯಲ್ಲಿ ವಂಶವೃಕ್ಷ ಕೇಳುತ್ತೇವೆ, ಮರಣಪತ್ರ ಕೇಳುತ್ತೇವೆ, ತಕರಾರಿಗೆ ಮೂವತ್ತು ದಿನ ಕೊಡುತ್ತೇವೆ. ಈ ಸೊಂಟ ಒಂದು ದಾಖಲೆಯನ್ನೂ ಕೇಳದೆ, ತಂದೆ ತೀರಿಹೋಗುವುದಕ್ಕೂ ಕಾಯದೆ ನನಗೆ ಬಂತು. ನನ್ನ ಮಗಳು ಸ್ಫೂರ್ತಿಗೆ ದೇವರ ದಯೆಯಿಂದ ಅದು ಬಂದಿಲ್ಲ, ನನ್ನ ಕೆಟ್ಟ ಕೈಬರಹ ಮಾತ್ರ ಬಂದಿದೆ.

ಬೀರೂರಿಗೆ ವಿಮಲಮ್ಮನನ್ನು ನೋಡಲು ಹೋದಾಗ ನಮ್ಮ ತಂದೆ, ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಕರೆದುಕೊಂಡು ಹೋಗಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಲೇ, ಏನೇ ಆದ್ರೂ ಏಳ್ಬೇಡ” ಎಂದಿದ್ದರು. ಏಳಲಿಲ್ಲ. ಹಿರಿಯರು ಬಂದರು, ಏಳಲಿಲ್ಲ. ಹುಡುಗ ಬಲು ಗಂಭೀರ ಎಂದು ಅವರು ಒಪ್ಪಿಕೊಂಡರು. ಮದುವೆಯಾದ ಮೂರನೇ ದಿನ ಬೆಟ್ಟದ ಮೆಟ್ಟಿಲು ಹತ್ತುವಾಗ ವಿಮಲಮ್ಮನಿಗೆ ಗಂಭೀರತೆಯ ಕಾರಣ ತಿಳಿಯಿತು. ಇಪ್ಪತ್ತೆಂಟು ವರ್ಷ ಅವಳು ಆ ಮಾತು ಎತ್ತಿರಲಿಲ್ಲ. ಆವತ್ತು ಎಕ್ಸ್‌ರೇ ಹಿಡಿದುಕೊಂಡು ಎತ್ತಿದಳು. “ನಂಗೆ ನಿಮ್ಮ ಕಾಲು ಯಾವತ್ತೂ ಬೇಜಾರಾಗಿಲ್ಲ ಕಣ್ರೀ. ಹೇಳ್ದೇ ಕೂತಿದ್ರಲ್ಲ, ಅದು. ಮೆಟ್ಟಿಲು ಹತ್ತಕ್ಕೆ ಹಠ ಮಾಡಿದ್ದು ನಾನು, ನಂದೇ ತಪ್ಪು ಅಂತ ಆವತ್ತು ರಾತ್ರಿಯೆಲ್ಲ ಅತ್ತಿದ್ದೆ. ಗೊತ್ತಾ ನಿಮಗೆ?” ಎಂದಳು. ಗೊತ್ತಿರಲಿಲ್ಲ. ಆಮೇಲೆ ಅವಳು ಕೇಳಿದಳು, “ಲಕ್ಕವಳ್ಳಿ ಹುಡುಗಿಗೆ ಹೇಳಿದ್ರಾ?”

8. ಮಾರನೇ ದಿನವೇ ಕಡೂರಿಗೆ ಹೋಗಿ ಎಕ್ಸ್‌ರೇ ತೋರಿಸಿ, ತಾಂಬೂಲ ವಾಪಸ್ ಕೊಟ್ಟೆ. ರುದ್ರಮೂರ್ತಿಯವರು, “ಹೋಗ್ಲಿ ಬಿಡ್ರೀ ಓಂಕಾರಣ್ಣ, ಮೊದಲೇ ಹೇಳಿದ್ರಲ್ಲ” ಎಂದು ಒಂದು ಚೀಲ ಕಾಯಿ ಕೊಟ್ಟು ಕಳಿಸಿದರು. ತರೀಕೆರೆಯ ಉಗ್ರಪ್ಪನವರಿಗೂ ಹೇಳಿದೆ. ಅವರು ಅರ್ಧ ಗಂಟೆ ಬೈದು, ಮರಿ ತೆಗೆದುಕೊಂಡು ಹೋದ ಐದೂ ಮನೆಗೆ ಫೋನ್ ಮಾಡಿದರು. ಇನ್ನೆರಡು ಮರಿ ಕುಂಟುತ್ತಿವೆಯಂತೆ. ಅಕ್ಟೋಬರಿನಲ್ಲಿ ಡಾಕ್ಟರ್ ವಿಶ್ವನಾಥ್ ಅವರಿಂದ ಅಮಲ್ದಾರನಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದೆ. ಹೀಗೆ ಎಲ್ಲರಿಗೂ ಹೇಳಿ ಮುಗಿಸಿದೆ, ತಮಗೊಬ್ಬರಿಗೆ ಬಿಟ್ಟು.

9. ತಮಗೆ ಹೇಳಲು ಹೊರಟಿಲ್ಲ ಎಂದಲ್ಲ. ಎರಡು ಸಲ ಹೊರಟೆ. ಮೊದಲ ಸಲ ತರೀಕೆರೆಯಲ್ಲೇ ಇಳಿದು, ಒಂದು ಕೇಜಿ ಬೆಣ್ಣೆ ಬಿಸ್ಕತ್ತು ತೆಗೆದುಕೊಂಡು ವಾಪಸ್ ಬಂದೆ. ಎರಡನೇ ಸಲ ಲಕ್ಕವಳ್ಳಿ ಬಸ್‌ಸ್ಟ್ಯಾಂಡಿನ ತನಕ ಬಂದೆ. ತಾವು ಎದುರಿಗೇ ಸಿಕ್ಕಿದಿರಿ. “ಸಾರ್, ಕರಿಯನ್ನ ನೋಡಕ್ಕೆ ಬಂದ್ರಾ?” ಎಂದಿರಿ. “ಇಲ್ಲಮ್ಮ, ಡ್ಯಾಮ್ ನೋಡಕ್ಕೆ ಬಂದೆ” ಎಂದೆ. ಹೇಳಿದ ತಪ್ಪಿಗೆ ಹೋಗಿ ಎರಡು ಗಂಟೆ ಡ್ಯಾಮ್ ನೋಡಿದೆ. ಇಂಥ ಶಿಕ್ಷೆಯನ್ನು ನಾನೇ ಕೊಟ್ಟುಕೊಂಡೆ ಎಂದು ಸ್ವಲ್ಪ ಸಮಾಧಾನವಾಯಿತು ಕೂಡ. ಆದರೆ ಬಸ್‌ಸ್ಟ್ಯಾಂಡಿನಿಂದ ಹೊರಡುವ ಮುಂಚೆ ತಾವು ಹೇಳಿದ ಮಾತು ಇದೆಯಲ್ಲ, “ಈಗ ಓಡಿಸ್ತಿಲ್ಲ ಸಾರ್, ಮುದ್ದೆನೂ ನಿಲ್ಸಿದೀನಿ, ನೀವು ಹೇಳ್ದಂಗೇ ಮಾಡ್ತಿದೀನಿ, ಆದ್ರೂ ಸರಿ ಹೋಗ್ತಿಲ್ಲ,” ಅದು ಮಾತ್ರ ನನ್ನ ಜೊತೆಗೇ ಅಜ್ಜಂಪುರಕ್ಕೆ ಬಂತು. ಇವತ್ತಿನವರೆಗೂ ಹೋಗಿಲ್ಲ.

ಈ ಮೇಲ್ಕಂಡ ಕಾರಣಗಳಿಂದಾಗಿ ಹಾಗೂ ಆದ್ದರಿಂದ, ತಾವು ದೊಡ್ಡ ಮನಸ್ಸು ಮಾಡಿ,

(ಅ) ಕರಿಯನ ಕಾಲಿನ ತಪ್ಪನ್ನು ತಮ್ಮ ಹೆಸರಿನಿಂದ ವಜಾ ಮಾಡಿ ನನ್ನ ಹೆಸರಿಗೆ ಖಾತೆ ಮಾಡಿಕೊಡಬೇಕಾಗಿ ಕೋರುತ್ತೇನೆ. ಇದಕ್ಕೆ ನನ್ನ ಕಡೆಯಿಂದಾಗಲಿ, ನನ್ನ ವಾರಸುದಾರರ ಕಡೆಯಿಂದಾಗಲಿ ಯಾವ ತಕರಾರೂ ಇರುವುದಿಲ್ಲ. ತಾವು ಆ ನಾಯಿಗೆ ಮಾಡಿದ್ದು ಮುದ್ದು ಮಾತ್ರ. ಇದು ಡಾಕ್ಟರ ಅಭಿಪ್ರಾಯದಲ್ಲಿ ಇಲ್ಲ, ನಾನು ಕಣ್ಣಾರೆ ಕಂಡದ್ದು.

(ಆ) ಭಾನುವಾರದ ಗೂಡ್ಸ್ ಆಟೋ ಬಗ್ಗೆ ತೀರ್ಮಾನ ತಮ್ಮದು. ಕಾಲೇಜು ಇದೆ, ಪರೀಕ್ಷೆ ಇದೆ, ಅರವತ್ತು ಕೇಜಿ ನಾಯಿಯನ್ನು ದಿನಾ ಎತ್ತಲು ಕೈಲಾಗುವುದಿಲ್ಲ ಎಂದರೆ ಖಂಡಿತ ಕಳಿಸಿ. ಅಮಲ್ದಾರನ ಪಕ್ಕದಲ್ಲಿ ಜಾಗ ಇದೆ, ಗಾದಿ ಹೊಲಿಸಿದ್ದಾಗಿದೆ. ಇಟ್ಟುಕೊಳ್ಳುತ್ತೇನೆ ಎಂದರೆ, ಶಿವಮೊಗ್ಗಕ್ಕೆ ತೋರಿಸಲು ಕರೆದುಕೊಂಡು ಹೋಗುವುದು, ಮಾತ್ರೆ ತರುವುದು, ಬಂದಾಗಲೆಲ್ಲ ಟವಲಿನ ಇನ್ನೊಂದು ತುದಿ ಹಿಡಿಯುವುದು ನನ್ನ ಕೆಲಸ. ಆದರೆ ಯೋಗ್ಯತೆ ಇಲ್ಲ ಎಂಬ ಕಾರಣ ಕೊಟ್ಟು ವಾಪಸ್ ಕಳಿಸಿದರೆ, ಆ ಕಾರಣವನ್ನು ಸ್ವೀಕರಿಸಲು ನನಗೆ ಅಧಿಕಾರವಿಲ್ಲ. ಆಟೋವನ್ನು ಹಾಗೇ ತಿರುಗಿಸಿ ಕಳಿಸುತ್ತೇನೆ.

(ಇ) ಕರಿಯ ನೋಡಲು ಚೆನ್ನಾಗಿದ್ದಾನೆ. ನನ್ನಂಥವರು ಯಾರಾದರೂ ಸಂಬಂಧ ಕೇಳಿಕೊಂಡು ಬಂದೇ ಬರುತ್ತಾರೆ. ಕಾಯಿ ತಂದರೂ ಒಪ್ಪಬೇಡಿ. ಅವನಿಗೂ ಆಪರೇಷನ್ ಮಾಡಿಸುವುದು ಒಳ್ಳೆಯದು, ಅದರ ಹೊಣೆಯೂ ನನ್ನದು. ಈ ಸೊಂಟ ಇನ್ನೊಂದು ಮನೆಗೆ ಹೋಗುವುದು ಬೇಡ.

ತಮ್ಮ ವಿಶ್ವಾಸಿ ಎಂದು ಬರೆದುಕೊಳ್ಳುವ ಹಕ್ಕು ಸದ್ಯಕ್ಕೆ ಅಮಾನತಿನಲ್ಲಿರುವ,

(ಸಹಿ)
ಓಂಕಾರಮೂರ್ತಿ

ಲಗತ್ತುಗಳು:
1. ಅಮಲ್ದಾರನ ಸೊಂಟದ ಎಕ್ಸ್‌ರೇ, ಅಸಲು.
2. ಶಿವಮೊಗ್ಗದ ಡಾಕ್ಟರ ಅಭಿಪ್ರಾಯ, ಮೊಹರು ಸಹಿತ. ಚಾನಲ್ ಏರಿಯ ಸಾಲಿನ ಕೆಳಗೆ ನಾನೇ ಗೆರೆ ಎಳೆದಿದ್ದೇನೆ.
3. ಅರ್ಜಿದಾರನ ಸ್ವಂತ ಸೊಂಟದ ಎಕ್ಸ್‌ರೇ. ಮೊನ್ನೆ ಬುಧವಾರ ತೆಗೆಸಿದ್ದು, ಸ್ವಯಂ ದೃಢೀಕರಿಸಿದ್ದು. ಕೇಳಿದವರಿಲ್ಲ, ಆದರೂ ಇರಲಿ ಎಂದು.
4. ಬೆಣ್ಣೆ ಬಿಸ್ಕತ್ತು, ಅರ್ಧ ಕೇಜಿ. ಉಳಿದರ್ಧ ನಾನು ತಿಂದೆ.

ವಿಶೇಷ ಸೂಚನೆ: ದ್ಯಾಮಮ್ಮನವರಿಗೆ ಓದಲು ಬಾರದಿರುವುದರಿಂದ ಈ ಅರ್ಜಿಯನ್ನು ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದತಕ್ಕದ್ದು. 5ನೇ ಅಂಶ ಮುಗಿಯುವ ಹೊತ್ತಿಗೆ ಅವರು ಎದ್ದು ಜಗಲಿಗೆ ಬರುವ ಸಂಭವವಿದೆ. ದಯಮಾಡಿ ತಡೆಯಬಾರದಾಗಿ ವಿನಂತಿ.